ಹೊರ್ಮುಜ್ ಕಾಯುವವರು ಯಾರು? ಕೊಲ್ಲಿಯಲ್ಲಿ ಅಮೆರಿಕದ ಮುಂದಿನ ದಾರಿಗಳು

ಒಮಾನ್ ಮತ್ತು ಇರಾನ್ ನಡುವೆ, ಪರ್ಶಿಯನ್ ಕೊಲ್ಲಿಯ ಬಾಯಲ್ಲಿ, ಒಂದು ಇಕ್ಕಟ್ಟಾದ ಸಮುದ್ರದಾರಿ ಇದೆ. ಹೊರ್ಮುಜ್ ಜಲಸಂಧಿ ಅಂತ ಅದರ ಹೆಸರು. ತೀರಾ ಕಿರಿದಾದ ಕಡೆ ಅಗಲ ಸುಮಾರು 33 ಕಿ.ಮೀ. ವಿಜಯಪುರದಿಂದ ಬಸವನ ಬಾಗೇವಾಡಿಗೆ ಹೋಗುವಷ್ಟೂ ದೂರವಿಲ್ಲ. ದೊಡ್ಡ ಹಡಗುಗಳಿಗೆ ಗೊತ್ತು ಮಾಡಿರುವ ಪಥ ಇನ್ನೂ ಸಣ್ಣದು. ಹೋಗಲು ಸುಮಾರು 3 ಕಿ.ಮೀ., ಬರಲು ಸುಮಾರು 3 ಕಿ.ಮೀ., ಅಷ್ಟೇ. 2024ರಲ್ಲಿ ಈ ದಾರಿಯಲ್ಲಿ ದಿನಕ್ಕೆ ಸರಾಸರಿ 2 ಕೋಟಿ ಬ್ಯಾರೆಲ್ ತೈಲ ಸಾಗಿತ್ತು. ಇಡೀ ಜಗತ್ತು ಒಂದು ದಿನಕ್ಕೆ ಬಳಸುವ ತೈಲದಲ್ಲಿ ಐದನೇ ಒಂದು ಪಾಲು ಅದು. ಕತಾರ್‌ನಿಂದ ಹಡಗು ಹತ್ತುವ ಅನಿಲವೂ ಇಲ್ಲಿಂದಲೇ ಹೊರಗೆ ಬರಬೇಕು.

ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಈ ದಾರಿಗೆ ಕಾವಲು ನಿಂತಿರುವುದು ಅಮೆರಿಕ. ಅದರ ಐದನೇ ನೌಕಾಪಡೆಯ ಮುಖ್ಯ ಕಚೇರಿ ಬಹ್ರೇನ್‌ನಲ್ಲಿದೆ. ಕತಾರ್‌ನ ಅಲ್ ಉದೈದ್‌ನಲ್ಲಿ ದೊಡ್ಡ ವಾಯುನೆಲೆ ಇದೆ. ಕುವೈತ್, ಯುಎಇ, ಜೋರ್ಡಾನ್, ಇರಾಕ್ ಹೀಗೆ ಹಲವು ದೇಶಗಳಲ್ಲಿ ಹರಡಿ, 2025ರ ಮಧ್ಯದಲ್ಲಿ ಸುಮಾರು 40 ಸಾವಿರ ಅಮೆರಿಕನ್ ಸೈನಿಕರು ಅಲ್ಲಿದ್ದರು. ಮುಂದಿನ ಹತ್ತಿಪ್ಪತ್ತು ವರ್ಷದಲ್ಲಿ ಈ ಕಾವಲು ಏನಾಗಬಹುದು? ಅಮೆರಿಕ ಉಳಿಯುತ್ತದಾ, ಹೋಗುತ್ತದಾ, ಬಂದು ಬಂದು ಹೋಗುತ್ತದಾ? ಇದು ದೆಹಲಿ, ವಾಷಿಂಗ್ಟನ್‌ನ ಪಂಡಿತರಿಗೆ ಬಿಟ್ಟ ಪ್ರಶ್ನೆ ಅಂತ ನನಗೆ ಅನಿಸುವುದಿಲ್ಲ.

ನಮ್ಮೂರಿಗೂ ಅದಕ್ಕೂ ಏನು ಸಂಬಂಧ

ಹಂಗಾಮು ಶುರುವಾದರೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಗೊಬ್ಬರದ ಅಂಗಡಿ ಮುಂದೆ ಪಾಳಿ ಹಚ್ಚುವುದು ಹೊಸದಲ್ಲ. ಹಾಗೆ ಪಾಳಿ ಹಚ್ಚಿ ಬಂದ ನಮ್ಮ ಕಾಕಾ ಒಬ್ಬರು ಕೇಳಿದ್ದರು: "ಅಲ್ಲೋ ತಮ್ಮಾ, ಅಮೆರಿಕ ಇರಾನ್ ಬಡದಾಡಿದ್ರ ನಮಗ ಡಿಎಪಿ ಯಾಕ ಸಿಗವಲ್ದು?"

ನೇರವಾದ ಪ್ರಶ್ನೆ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ನಮ್ಮ ದೇಶದ ಯೂರಿಯಾ ಕಾರ್ಖಾನೆಗಳು ಹೊರಗಿನಿಂದ ತರಿಸಿದ ಅನಿಲವನ್ನೂ ಬಳಸುತ್ತವೆ. ಆ ಅನಿಲ ಕೊಡುವವರಲ್ಲಿ ಕತಾರ್ ದೊಡ್ಡದು. 2024ರ ಫೆಬ್ರುವರಿಯಲ್ಲಿ ಕತಾರ್ ಜತೆಗಿನ ಅನಿಲ ಒಪ್ಪಂದವನ್ನು ಭಾರತ 2048ರವರೆಗೆ ಮುಂದುವರಿಸಿಕೊಂಡಿತು. ಡಿಎಪಿ ಅನ್ನುವ ರಂಜಕದ ಗೊಬ್ಬರದ್ದು ಇನ್ನೊಂದು ಕತೆ. ಚೀನಾ ತನ್ನ ರಂಜಕದ ಗೊಬ್ಬರ ಹೊರಗೆ ಹೋಗದಂತೆ ಬಿಗಿ ಮಾಡಿದಾಗ ನಾವು ಸೌದಿ ಕಡೆ ತಿರುಗಿದೆವು. 2025ರ ಜುಲೈನಲ್ಲಿ ಸೌದಿಯ ಮಾದೆನ್ ಕಂಪನಿ ಜತೆ ಐದು ವರ್ಷ, ವರ್ಷಕ್ಕೆ 31 ಲಕ್ಷ ಟನ್ ಡಿಎಪಿ ತರಿಸುವ ಒಪ್ಪಂದ ಆಯಿತು. ಆ ಗೊಬ್ಬರ ಹಡಗು ಹತ್ತುವ ರಾಸ್ ಅಲ್ ಖೈರ್ ಬಂದರು ಕೊಲ್ಲಿಯ ಒಳಗಿದೆ. ಅಂದರೆ ಹೊರ್ಮುಜ್ ದಾಟದೆ ಅದು ನಮಗೆ ತಲುಪುವುದಿಲ್ಲ. ನಮ್ಮ ಸಹಕಾರಿ ಸಂಸ್ಥೆಗಳಾದ ಇಫ್ಕೊ ಮತ್ತು ಕ್ರಿಭ್ಕೊ ಪಾಲುದಾರಿಕೆಯ ಯೂರಿಯಾ ಕಾರ್ಖಾನೆ ಒಮಾನ್‌ನ ಸೂರ್‌ನಲ್ಲಿದೆ. ಅದು ಜಲಸಂಧಿಯ ಹೊರಗಿದೆ ಅನ್ನುವುದಷ್ಟೇ ಸಮಾಧಾನ.

ಚೀಲದ ಬೆಲೆಯನ್ನು ಸರ್ಕಾರ ಸಬ್ಸಿಡಿ ಕೊಟ್ಟು ಹಿಡಿದಿಡುತ್ತದೆ. ಹಾಗಾಗಿ ಕೊಲ್ಲಿಯಲ್ಲಿ ಬಿದ್ದ ಪೆಟ್ಟು ನಮಗೆ ಬೆಲೆಯಾಗಿ ಕಾಣುವುದಿಲ್ಲ, ಪಾಳಿಯಾಗಿ ಕಾಣುತ್ತದೆ.

ಅಡುಗೆ ಅನಿಲವೂ ಹಾಗೆಯೇ. ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಮದು. ಅದರಲ್ಲಿ ಬಹುಪಾಲು ಕೊಲ್ಲಿಯದು. ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗವನ್ನು ನಾವು ಹೊರಗಿನಿಂದ ತರುತ್ತೇವೆ. ಕೊಲ್ಲಿಯ ಆರು ಅರಬ್ ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರು ದುಡಿಯುತ್ತಿದ್ದಾರೆ. ನಮ್ಮ ಜಿಲ್ಲೆಯ ಮಾಲೂ ಆ ದಾರಿ ಹಿಡಿಯತೊಡಗಿದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿ ನಿಂಬೆ 2025ರಲ್ಲಿ ಯುಎಇಗೆ ಹೋಯಿತು. 2023ರ ಕೊನೆಯಲ್ಲಿ ಯೆಮನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದಾಗ, ಯುರೋಪಿಗೆ ಹೊರಟ ದ್ರಾಕ್ಷಿ ಕಂಟೇನರುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ದಾರಿಯಲ್ಲಿ ಹತ್ತು ಹದಿನೈದು ದಿನ ಜಾಸ್ತಿ. ಹಸಿ ದ್ರಾಕ್ಷಿಗೆ ಅಷ್ಟು ದಿನ ಅಂದರೆ ಏನು ಅಂತ ತಿಕೋಟಾ, ಬಬಲೇಶ್ವರದ ಬೆಳೆಗಾರರಿಗೆ ನಾನು ಹೇಳಬೇಕಿಲ್ಲ.

ಕಾವಲುಗಾರರು ಬದಲಾಗುತ್ತ ಬಂದಿದ್ದಾರೆ

ಆ ಸಮುದ್ರ ಯಾರ ಕೈಲಿದೆ ಅನ್ನುವುದು ವಿಜಯಪುರವನ್ನು ಹಿಂದೆಯೂ ಕಾಡಿದೆ. ಆದಿಲ್‌ಶಾಹಿ ಸೈನ್ಯ ನಿಂತಿದ್ದೇ ಕುದುರೆಗಳ ಮೇಲೆ. ಒಳ್ಳೆಯ ಕುದುರೆ ಅರಬ್, ಪರ್ಶಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಹೊರ್ಮುಜ್ ಆ ವ್ಯಾಪಾರದ ಒಂದು ತುದಿ, ಗೋವಾ ಇನ್ನೊಂದು ತುದಿ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಬಿಜಾಪುರದಿಂದ ಗೋವಾ ಕಿತ್ತುಕೊಂಡ. 1515ರಲ್ಲಿ ಹೊರ್ಮುಜ್ ಹಿಡಿದ. ಎರಡೂ ತುದಿ ಒಬ್ಬರ ಕೈಗೆ ಬಂತು. ಆಮೇಲೆ ಆ ಸಮುದ್ರದಲ್ಲಿ ಓಡಾಡುವ ವ್ಯಾಪಾರಿ ಹಡಗು ಪೋರ್ಚುಗೀಸರ ಪರವಾನಗಿ ಇಟ್ಟುಕೊಳ್ಳಬೇಕಿತ್ತು. ಇಲ್ಲದಿದ್ದರೆ ಹಡಗೂ ಹೋಯಿತು, ಮಾಲೂ ಹೋಯಿತು. 1570–71ರಲ್ಲಿ ಅಲಿ ಆದಿಲ್‌ಶಾಹ ದೊಡ್ಡ ಸೈನ್ಯದೊಂದಿಗೆ ಗೋವಾಕ್ಕೆ ಮುತ್ತಿಗೆ ಹಾಕಿದರೂ ಅದನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ನೆಲದ ಮೇಲೆ ಅಷ್ಟು ಬಲವಿದ್ದ ರಾಜ್ಯಕ್ಕೆ ಸಮುದ್ರದ ಮೇಲೆ ಹಿಡಿತ ಇರಲಿಲ್ಲ.

ಆ ಪೋರ್ಚುಗೀಸರೂ ಉಳಿಯಲಿಲ್ಲ. 1622ರಲ್ಲಿ ಪರ್ಶಿಯಾದ ಶಾ ಅಬ್ಬಾಸ್ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ನೆರವು ಪಡೆದು ಹೊರ್ಮುಜ್ ಕಿತ್ತುಕೊಂಡ. ಒಳಗಿನ ಒಂದು ಶಕ್ತಿ, ಹೊರಗಿನ ಹೊಸ ಶಕ್ತಿ ಎರಡೂ ಕೈಜೋಡಿಸಿದರೆ ನೂರು ವರ್ಷ ಕೂತವರೂ ಏಳಬೇಕಾಗುತ್ತದೆ. ಇದನ್ನು ನೆನಪಿಡಿ, ಮುಂದೆ ಚೀನಾದ ಮಾತು ಬರುತ್ತದೆ.

ಬ್ರಿಟಿಷರು 1820ರಿಂದ ಅಲ್ಲಿನ ಶೇಖ್‌ಗಳ ಜತೆ ಒಪ್ಪಂದ ಮಾಡಿಕೊಳ್ಳುತ್ತ ಕೊಲ್ಲಿಯನ್ನು ತಮ್ಮ ಹಿಡಿತಕ್ಕೆ ತಂದರು. ಬಹಳ ಕಾಲ ಆ ಆಡಳಿತದ ದಾರ ಮುಂಬಯಿಯಲ್ಲಿತ್ತು. 1960ರ ದಶಕದವರೆಗೂ ಕುವೈತ್, ಬಹ್ರೇನ್, ದುಬೈಗಳಲ್ಲಿ ಓಡುತ್ತಿದ್ದುದು ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತ್ತು.

1968ರ ಜನವರಿಯಲ್ಲಿ ಬ್ರಿಟನ್ "ನಮಗೆ ಖರ್ಚು ತಾಳುತ್ತಿಲ್ಲ, 1971ರ ಕೊನೆಗೆ ಹೊರಡುತ್ತೇವೆ" ಎಂಬರ್ಥದ ಘೋಷಣೆ ಮಾಡಿತು. ಆ ಹೊರಡುವ ಗಳಿಗೆಯಲ್ಲಿ ಏನಾಯಿತು ನೋಡಿ. 1971ರ ನವೆಂಬರ್ 30ರಂದು, ಯುಎಇ ಹುಟ್ಟುವ ಎರಡು ದಿನ ಮೊದಲು, ಇರಾನ್ ಸೈನ್ಯ ಜಲಸಂಧಿಯ ಬಾಯಲ್ಲಿರುವ ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳಲ್ಲಿ ಇಳಿಯಿತು. ಆ ದ್ವೀಪಗಳ ಜಗಳ ಅರ್ಧ ಶತಮಾನ ಕಳೆದರೂ ಬಗೆಹರಿದಿಲ್ಲ. ಸುಮಾರು ನಾಲ್ಕು ವರ್ಷ ಮೊದಲೇ ಹೇಳಿ ಹೊರಟ ಶಕ್ತಿಯೂ ಬಿಟ್ಟುಹೋಗಿದ್ದು ಇಂಥದ್ದನ್ನು. ಹೇಳದೆ ಹೊರಟರೆ ಇನ್ನೇನಾದೀತು!

ಅಮೆರಿಕ ಅಲ್ಲಿಗೆ ಒಂದೇ ಏಟಿಗೆ ಬಂದು ಕೂತಿದ್ದಲ್ಲ. 1945ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸುಯೆಜ್ ಕಾಲುವೆಯಲ್ಲಿ ಒಂದು ಯುದ್ಧನೌಕೆಯ ಮೇಲೆ ಸೌದಿ ದೊರೆ ಅಬ್ದುಲ್ ಅಜೀಜ್ ಅವರನ್ನು ಭೇಟಿಯಾದರು. ಸೌದಿ ಜತೆಗಿನ ನಂಟು ಅಲ್ಲಿಂದ ಗಟ್ಟಿಯಾಯಿತು. ಬ್ರಿಟಿಷರು ಹೋದ ಮೇಲೂ ಅಮೆರಿಕ ತಾನು ಕಾವಲಿಗೆ ನಿಲ್ಲಲಿಲ್ಲ. ಇರಾನ್‌ನ ಶಾ ಮತ್ತು ಸೌದಿ ದೊರೆಗೆ ಆಯುಧ ಕೊಟ್ಟು "ನೀವೇ ನೋಡಿಕೊಳ್ಳಿ" ಅಂದಿತು. 1979ರಲ್ಲಿ ಶಾ ಪದಚ್ಯುತರಾದರು. ಅದೇ ವರ್ಷದ ಕೊನೆಗೆ ಸೋವಿಯತ್ ಸೈನ್ಯ ಅಫ್ಗಾನಿಸ್ತಾನಕ್ಕೆ ಬಂತು. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್, ಹೊರಗಿನ ಯಾವ ಶಕ್ತಿ ಕೊಲ್ಲಿಯನ್ನು ಹಿಡಿಯಲು ಬಂದರೂ ಸೈನ್ಯಬಲದಿಂದ ತಡೆಯುತ್ತೇವೆ ಎಂದು ಸಾರಿದರು. ಇವತ್ತಿನ ನೆಲೆಗಳು, ನೌಕಾಪಡೆ ಎಲ್ಲಕ್ಕೂ ಬೇರು ಆ ಮಾತು.

ಆಮೇಲೆ ಆ ಬೇರು ಇಳಿಯುತ್ತಲೇ ಹೋಯಿತು. 1987–88ರಲ್ಲಿ ಇರಾನ್-ಇರಾಕ್ ಯುದ್ಧದ ನಡುವೆ ಕುವೈತ್‌ನ ತೈಲ ಹಡಗುಗಳಿಗೆ ಅಮೆರಿಕದ ಬಾವುಟ ಕಟ್ಟಿ ಕಾವಲು ಕೊಟ್ಟರು. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ಇರಾನ್‌ನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 290 ಜನ ಸತ್ತರು. ಕಾವಲು ಅನ್ನುವ ಮಾತಿನೊಳಗೆ ಈ ಸಾವುಗಳೂ ಇವೆ. ಅವನ್ನು ಬಿಟ್ಟು ಈ ಕತೆ ಹೇಳುವುದು ಸರಿಯಲ್ಲ. 1990ರಲ್ಲಿ ಇರಾಕ್ ಕುವೈತ್ ಮೇಲೆ ಬಿದ್ದಿತು. ಆಗ ಭಾರತ ತನ್ನ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಮನೆಗೆ ತಂದಿತು. 2003ರಲ್ಲಿ ಅಮೆರಿಕ ಇರಾಕ್ ಮೇಲೆ ದಂಡೆತ್ತಿ ಹೋಗಿ ಎಂಟು ವರ್ಷ ಸಿಕ್ಕಿಹಾಕಿಕೊಂಡಿತು.

ಬದಲಾವಣೆ ಎಲ್ಲಿ ಶುರುವಾಯಿತು

ನನ್ನ ಪ್ರಕಾರ ಒಂದು ದಿನಾಂಕ ಗುರುತು ಹಾಕಿಟ್ಟುಕೊಳ್ಳಬೇಕು. 2019ರ ಸೆಪ್ಟೆಂಬರ್ 14. ಅವತ್ತು ಸೌದಿಯ ಅಬ್ಕೈಕ್ ತೈಲ ಸಂಸ್ಕರಣಾ ಘಟಕದ ಮೇಲೆ ಡ್ರೋನ್, ಕ್ಷಿಪಣಿಗಳು ಬಿದ್ದವು. ಸೌದಿಯ ತೈಲ ಉತ್ಪಾದನೆಯಲ್ಲಿ ಸುಮಾರು ಅರ್ಧ, ದಿನಕ್ಕೆ 57 ಲಕ್ಷ ಬ್ಯಾರೆಲ್, ಒಂದೇ ಬೆಳಗ್ಗೆ ನಿಂತುಹೋಯಿತು. ಹೂಥಿಗಳು ನಾವು ಮಾಡಿದ್ದು ಅಂದರು. ಅಮೆರಿಕ, ಸೌದಿ ಇಬ್ಬರೂ ಇರಾನ್ ಕಡೆ ಬೊಟ್ಟು ಮಾಡಿದರು. ಇರಾನ್ ಅಲ್ಲಗಳೆಯಿತು. ಕಾರ್ಟರ್ ಕಾಲದ ಮಾತಿನಂತೆ ನಡೆದಿದ್ದರೆ ಅಮೆರಿಕ ತಿರುಗಿ ಹೊಡೆಯಬೇಕಿತ್ತು. ಕ್ಷಿಪಣಿ ತಿರುಗಿ ಹಾರಲಿಲ್ಲ. ಒಂದಷ್ಟು ಸೈನಿಕರು ಬಂದರು, ನಿರ್ಬಂಧಗಳು ಬಂದವು.

ಯಾಕೆ ಹೀಗಾಯಿತು? ಆಗಿನ ಅಧ್ಯಕ್ಷ ಟ್ರಂಪ್ ಅವರ ಸ್ವಭಾವ ಅಂತ ಹೇಳಿ ಮುಗಿಸಬಹುದು. ಆದರೆ ಅದರ ಕೆಳಗೆ ಒಂದು ಲೆಕ್ಕ ಇದೆ. 2018ರಿಂದ ಜಗತ್ತಿನಲ್ಲಿ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ದೇಶ ಅಮೆರಿಕವೇ. 2024ರಲ್ಲಿ ಅಲ್ಲಿ ದಿನಕ್ಕೆ 1.3 ಕೋಟಿ ಬ್ಯಾರೆಲ್‌ಗೂ ಹೆಚ್ಚು ತೆಗೆದರು. ಕೊಲ್ಲಿಯಿಂದ ಅದು ತರಿಸಿಕೊಂಡಿದ್ದು ದಿನಕ್ಕೆ ಸುಮಾರು 5 ಲಕ್ಷ ಬ್ಯಾರೆಲ್ ಮಾತ್ರ. ಅದೇ ವರ್ಷ ಹೊರ್ಮುಜ್ ದಾಟಿದ ಕಚ್ಚಾ ತೈಲದಲ್ಲಿ ನೂರಕ್ಕೆ 84 ಭಾಗ ಏಷ್ಯಾಕ್ಕೆ ಬಂತು. ಕೊಳ್ಳುವವರಲ್ಲಿ ಮುಂದಿರುವವರು ಚೀನಾ, ಭಾರತ, ಜಪಾನ್, ದಕ್ಷಿಣ ಕೊರಿಯಾ.

ಕಾಲುವೆಯ ನೀರು ಬಳಸುವ ನಮ್ಮ ರೈತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗೇಟು ನೋಡಿಕೊಳ್ಳುವವನು ತನ್ನ ಹೊಲದಲ್ಲಿ ಬೋರ್ ಹಾಕಿಸಿಕೊಂಡ. ಬೋರಿಗೆ ನೀರು ಬಂತು. ಅವನು ಇನ್ನೂ ಗೇಟಿಗೆ ಹೋಗುತ್ತಾನೆ, ಕೀಲಿಯೂ ಅವನ ಹತ್ತಿರವೇ ಇದೆ. ಆದರೆ ರಾತ್ರಿ ಎರಡಕ್ಕೆ ಗೇಟು ಕೆಟ್ಟರೆ ಅವನು ಎದ್ದು ಓಡುವುದಿಲ್ಲ. ಟೇಲ್‌ಎಂಡ್‌ನವರು ಓಡಬೇಕು, ಅವರ ಕೈಲಿ ಕೀಲಿ ಇಲ್ಲ.

ಕಾಯುವವನು ಒಬ್ಬ, ಬಳಸುವವನು ಇನ್ನೊಬ್ಬ. ಕೊಲ್ಲಿಯಲ್ಲಿ ಅಮೆರಿಕದ ಮುಂದಿನ ದಾರಿ ಯಾವುದಾದರೂ ಈ ಬಿರುಕಿನಿಂದಲೇ ಹೊರಡುತ್ತದೆ. ಯಾರು ಅಧ್ಯಕ್ಷರಾಗುತ್ತಾರೆ ಅನ್ನುವುದಕ್ಕಿಂತ ಇದು ದೊಡ್ಡದು.

ಉಳಿಯುವುದು, ಬಂದು ಹೋಗುವುದು, ಒಪ್ಪಿಸುವುದು

ಮೊದಲನೆಯದು, ಅಮೆರಿಕ ಈಗಿರುವಂತೆಯೇ ಉಳಿಯುವುದು. ಇದಕ್ಕೆ ಕಾರಣಗಳು ಗಟ್ಟಿಯಾಗಿವೆ. ತೈಲದ ಬೆಲೆ ಜಗತ್ತಿಗೆಲ್ಲ ಹೆಚ್ಚುಕಡಿಮೆ ಒಂದೇ. ಹೊರ್ಮುಜ್‌ನಲ್ಲಿ ತೊಂದರೆಯಾದರೆ ಟೆಕ್ಸಾಸ್‌ನ ಪೆಟ್ರೋಲ್ ಬಂಕಿನಲ್ಲೂ ಬೆಲೆ ಏರುತ್ತದೆ, ತೈಲ ತಮ್ಮದೇ ನೆಲದ್ದಾದರೂ. ಕೊಲ್ಲಿಯ ದೊರೆಗಳು ಅಮೆರಿಕದ ಆಯುಧದ ದೊಡ್ಡ ಗಿರಾಕಿಗಳು. ಇನ್ನೊಂದು ಕಾರಣವನ್ನು ಅಷ್ಟು ಬಾಯಿಬಿಟ್ಟು ಹೇಳುವುದಿಲ್ಲ: ಚೀನಾದ ತೈಲ ಸಾಗುವ ದಾರಿಯ ಮೇಲೆ ಕೈ ಇಟ್ಟುಕೊಂಡಿರುವುದು ಅಮೆರಿಕಕ್ಕೆ ದೊಡ್ಡ ಬಲ. 2025ರ ಅಕ್ಟೋಬರ್ 1ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿ, ಕತಾರ್ ಮೇಲಿನ ದಾಳಿಯನ್ನು ಅಮೆರಿಕದ ಭದ್ರತೆಗೆ ಬಂದ ಅಪಾಯ ಎಂದೇ ನೋಡುತ್ತೇವೆ ಅಂದರು. ಹೊರಡುವವರು ಆಡುವ ಮಾತಲ್ಲ ಅದು.

ಆದರೂ ಹಳೆಯ ರೀತಿಯಲ್ಲಿ, ಸದಾ ಅಲ್ಲೇ ನಿಂತು ಕಾಯುವ ಕೆಲಸ ಬಹಳ ಕಾಲ ನಡೆಯುತ್ತದೆ ಅಂತ ನನಗೆ ಅನಿಸುವುದಿಲ್ಲ. ಇರಾಕ್, ಅಫ್ಗಾನಿಸ್ತಾನದ ಅನುಭವದಿಂದ ಅಲ್ಲಿನ ಮತದಾರರು ದಣಿದಿದ್ದಾರೆ. ಹಡಗು, ವಿಮಾನಗಳು ಪೆಸಿಫಿಕ್‌ನಲ್ಲೂ ಬೇಕು.

ಹಾಗಾಗಿ ಎರಡನೆಯ ದಾರಿಯೇ ಜಾಸ್ತಿ ಸಂಭವ ಅನಿಸುತ್ತದೆ. ಬಂದು ಹೊಡೆದು ಹೋಗುವುದು. 2025ರ ಜೂನ್ ಇದಕ್ಕೆ ಮಾದರಿ. ಜೂನ್ 13ರಂದು ಇಸ್ರೇಲ್ ಇರಾನ್ ಮೇಲೆ ದಾಳಿ ಶುರು ಮಾಡಿತು. 22ರಂದು ಅಮೆರಿಕದ ಬಿ-2 ಬಾಂಬರ್‌ಗಳು ತಮ್ಮ ದೇಶದಿಂದಲೇ ಹಾರಿ ಬಂದು ಫೋರ್ಡೊ, ನತಾಂಜ್‌ಗಳ ಪರಮಾಣು ನೆಲೆಗಳ ಮೇಲೆ ಬಾಂಬ್ ಹಾಕಿ ತಿರುಗಿ ಹೋದವು. ಇಸ್ಫಹಾನ್ ಮೇಲೆ ಸಮುದ್ರದಿಂದ ಕ್ಷಿಪಣಿ ಬಿದ್ದವು. 23ರಂದು ಇರಾನ್ ಅಲ್ ಉದೈದ್ ಮೇಲೆ ಕ್ಷಿಪಣಿ ಬಿಟ್ಟಿತು. 24ಕ್ಕೆ ಕದನವಿರಾಮ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುವುದು ಇದೇ ದಾರಿ. ಕಾರಣ ಹೇಳುತ್ತೇನೆ. 2015ರ ಪರಮಾಣು ಒಪ್ಪಂದದಲ್ಲಿ ಇರಾನ್ ಯುರೇನಿಯಂ ಅನ್ನು 3.67% ಮೀರಿ ಶುದ್ಧ ಮಾಡುವಂತಿರಲಿಲ್ಲ. ಇಟ್ಟುಕೊಳ್ಳಬಹುದಾಗಿದ್ದು 300 ಕೆ.ಜಿ. ಮಾತ್ರ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಣೆಗಾರರು ಒಳಗೆ ಹೋಗಿ ನೋಡುತ್ತಿದ್ದರು. 2018ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂತು. 2025ರ ಜೂನ್‌ ಹೊತ್ತಿಗೆ ಇರಾನ್ ಹತ್ತಿರ 60%ವರೆಗೆ ಶುದ್ಧ ಮಾಡಿದ ಯುರೇನಿಯಂ ಸುಮಾರು 440 ಕೆ.ಜಿ. ಇತ್ತು ಅಂತ ಅದೇ ಸಂಸ್ಥೆ ಅಂದಾಜು ಮಾಡಿತ್ತು. ಬಾಂಬ್ ಬಿದ್ದ ಮೇಲೆ ಅದನ್ನು ಲೆಕ್ಕ ಹಾಕಿ ನೋಡಲು ತಪಾಸಣೆಗಾರರಿಗೆ ಆಗಲಿಲ್ಲ. ಒಪ್ಪಂದ ಇದ್ದಾಗ ಎಷ್ಟಿದೆ, ಎಲ್ಲಿದೆ ಅನ್ನುವುದಾದರೂ ಗೊತ್ತಿತ್ತು. ಹೊಡೆದು ಹೋಗುವವರು ಮರುದಿನದ ಹೊಣೆ ಹೊರುವುದಿಲ್ಲ. ಆ ಹೊಣೆ ಅಲ್ಲೇ ಬದುಕುವವರ ಮೇಲೆ ಬೀಳುತ್ತದೆ. ಆಮೇಲೆ ಆ ದಾರಿಯ ತೈಲ ನಂಬಿದ ನಮ್ಮಂಥವರ ಮೇಲೆ.

ಮೂರನೆಯದು ಗೆಳೆಯರಿಗೆ ಒಪ್ಪಿಸುವುದು. 1970ರ ದಶಕದಲ್ಲಿ ಮಾಡಿದ್ದನ್ನೇ ಹೊಸ ರೂಪದಲ್ಲಿ ಮಾಡುವುದು. 2020ರ ಸೆಪ್ಟೆಂಬರ್‌ನಲ್ಲಿ ಯುಎಇ ಮತ್ತು ಬಹ್ರೇನ್ ಇಸ್ರೇಲ್ ಜತೆ ರಾಜತಾಂತ್ರಿಕ ಸಂಬಂಧ ಬೆಳೆಸುವ ಅಬ್ರಹಾಂ ಒಪ್ಪಂದಕ್ಕೆ ಸಹಿ ಹಾಕಿದವು. ಸೌದಿಯೂ ಸೇರಿದರೆ ಇಸ್ರೇಲ್ ಮತ್ತು ಅರಬ್ಬರು ಒಟ್ಟಾಗಿ ಇರಾನ್ ಅನ್ನು ತಡೆಯುತ್ತಾರೆ, ಅಮೆರಿಕ ಹಿಂದೆ ನಿಂತರೆ ಸಾಕು ಅನ್ನುವ ಲೆಕ್ಕ ಅದು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜಿ-20 ಸಭೆಯಲ್ಲಿ ಘೋಷಿಸಿದ ಭಾರತ-ಮಧ್ಯಪ್ರಾಚ್ಯ-ಯುರೋಪ್ ಕಾರಿಡಾರ್ ಕೂಡ ಅದೇ ನಂಬಿಕೆಯ ಮೇಲೆ ಎದ್ದಿದ್ದು. ನಮ್ಮ ಮಾಲು ಯುಎಇ, ಸೌದಿ, ಜೋರ್ಡಾನ್, ಇಸ್ರೇಲ್ ದಾಟಿ ಯುರೋಪ್ ಸೇರಬೇಕು. ಒಂದು ತಿಂಗಳೊಳಗೆ, ಅಕ್ಟೋಬರ್ 7ರಂದು, ಪ್ಯಾಲೆಸ್ಟೀನಿಯರ ಸಂಘಟನೆ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿತು. ಹಿಂದೆಯೇ ಗಾಜಾ ಯುದ್ಧ. ಪ್ಯಾಲೆಸ್ಟೀನಿಯರ ಪ್ರಶ್ನೆಯನ್ನು ಬದಿಗಿಟ್ಟು ಈ ಪ್ರದೇಶದಲ್ಲಿ ಏನನ್ನೂ ಗಟ್ಟಿಯಾಗಿ ಕಟ್ಟಲಾಗದು ಅನ್ನುವುದು ಎಲ್ಲರಿಗೂ ಕಂಡಿತು.

2025ರ ಸೆಪ್ಟೆಂಬರ್ 9ರಂದು ಇಸ್ರೇಲ್ ಕತಾರ್‌ನ ದೋಹಾದಲ್ಲಿದ್ದ ಹಮಾಸ್ ನಾಯಕರ ಮೇಲೆ ದಾಳಿ ಮಾಡಿತು. ಅಮೆರಿಕದ ದೊಡ್ಡ ನೆಲೆ ಇರುವ ದೇಶ ಅದು! ಗೆಳೆಯನೊಬ್ಬ ಇನ್ನೊಬ್ಬ ಗೆಳೆಯನ ಮನೆ ಮೇಲೆ ಬಾಂಬ್ ಹಾಕಿದರೆ ಕಾವಲಿಗೆ ಏನು ಅರ್ಥ ಅಂತ ಕೊಲ್ಲಿಯ ದೊರೆಗಳು ಕೇಳಿಕೊಂಡಿರಲೇಬೇಕು. ಎಂಟು ದಿನಕ್ಕೆ, ಸೆಪ್ಟೆಂಬರ್ 17ರಂದು, ಸೌದಿ ಅರೇಬಿಯಾ ಪಾಕಿಸ್ತಾನದ ಜತೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು. ಒಬ್ಬರ ಮೇಲಿನ ದಾಳಿ ಇಬ್ಬರ ಮೇಲಿನ ದಾಳಿ ಅನ್ನುವ ಒಪ್ಪಂದ. ಅದರ ಮಾತುಕತೆ ಮೊದಲಿನಿಂದಲೂ ಇತ್ತು, ನಿಜ. ಆದರೂ ಅಮೆರಿಕದ ಮಾತಿನ ಮೇಲಿನ ಭರವಸೆ ಕುಗ್ಗಿದರೆ ಖಾಲಿ ಜಾಗಕ್ಕೆ ಯಾರು ಬರುತ್ತಾರೆ ಅನ್ನುವುದು ಭಾರತಕ್ಕೆ ಅವತ್ತು ಕಣ್ಣಿಗೆ ಕಟ್ಟಿತು.

ಅವರವರೇ ಕೂತು ಮಾತಾಡಿಕೊಂಡರೆ?

ನಾಲ್ಕನೆಯ ದಾರಿ ನಿಧಾನದ್ದು. ಇರಾನ್ ಮತ್ತು ಅರಬ್ ದೇಶಗಳೇ ತಮ್ಮತಮ್ಮಲ್ಲಿ ಒಂದು ಏರ್ಪಾಟು ಮಾಡಿಕೊಳ್ಳುವುದು, ಅಮೆರಿಕ ಹಂತಹಂತವಾಗಿ ಹಿಂದೆ ಸರಿಯುವುದು. ಇದು ಬರೀ ಕನಸಲ್ಲ. 2023ರ ಮಾರ್ಚ್ 10ರಂದು ಸೌದಿ ಮತ್ತು ಇರಾನ್ ಬೀಜಿಂಗ್‌ನಲ್ಲಿ ಕೂತು, ಏಳು ವರ್ಷದಿಂದ ಮುರಿದಿದ್ದ ರಾಜತಾಂತ್ರಿಕ ಸಂಬಂಧವನ್ನು ಮತ್ತೆ ಜೋಡಿಸಿಕೊಂಡವು. ಅದಕ್ಕೆ ಮೊದಲು ಇರಾಕ್, ಒಮಾನ್‌ಗಳಲ್ಲಿ ಮಾತುಕತೆ ನಡೆದಿತ್ತು. ಕೊನೆಯ ಸಹಿಯನ್ನು ಚೀನಾ ಹಾಕಿಸಿತು.

ಹಾಗಂತ ಚೀನಾ ಬಂದು ಕಾವಲಿಗೆ ನಿಲ್ಲುತ್ತದೆ ಅಂದುಕೊಳ್ಳಬೇಡಿ. 2017ರಿಂದ ಆಫ್ರಿಕಾದ ಜಿಬೂತಿಯಲ್ಲಿ ಅದಕ್ಕೊಂದು ಸೇನಾ ನೆಲೆ ಇದೆ. ಇರಾನ್ ಹೊರಗೆ ಮಾರುವ ತೈಲದಲ್ಲಿ ಬಹುಪಾಲು ಕೊಳ್ಳುವುದು ಚೀನಾವೇ. ಆದರೂ ಕೆಂಪು ಸಮುದ್ರದಲ್ಲಿ ಹೂಥಿಗಳು ಹಡಗುಗಳ ಮೇಲೆ ಬಿದ್ದಾಗ, ಜಿಬೂತಿಗೆ ಅಷ್ಟು ಹತ್ತಿರದಲ್ಲಿ, ಚೀನಾ ಆ ಜಗಳದಲ್ಲಿ ಇಳಿಯಲಿಲ್ಲ. ಅಮೆರಿಕದ ಖರ್ಚಿನಲ್ಲಿ ಸಿಗುವ ಕಾವಲನ್ನು ಬಳಸಿಕೊಳ್ಳುವುದು, ಮಾತುಕತೆ ಮಾಡಿಸಿ ಹೆಸರು ಪಡೆಯುವುದು ಅದಕ್ಕೆ ಲಾಭ. 1622ರಲ್ಲಿ ಇಂಗ್ಲಿಷ್ ಕಂಪನಿ ಮಾಡಿದ ಕೆಲಸಕ್ಕೆ ಬೀಜಿಂಗ್ ಇನ್ನೂ ಕೈ ಹಾಕಿಲ್ಲ.

ಅರಬ್ ದೇಶಗಳು ಸುಮ್ಮನೆ ಕೂತಿಲ್ಲ. ಹೊರ್ಮುಜ್ ದಾಟದೆ ತೈಲ ಸಾಗಿಸಲು ಸೌದಿ ತನ್ನ ಪೂರ್ವದ ಬಾವಿಗಳಿಂದ ಕೆಂಪು ಸಮುದ್ರದ ಯಾನ್ಬು ಬಂದರಿಗೆ ಪೈಪ್‌ಲೈನ್ ಇಟ್ಟುಕೊಂಡಿದೆ. ಯುಎಇ ಹಬ್‌ಶಾನ್‌ನಿಂದ ಜಲಸಂಧಿಯ ಹೊರಗಿನ ಫುಜೈರಾ ಬಂದರಿಗೆ ಎಳೆದಿದೆ. ಎರಡೂ ಸೇರಿದರೂ ಜಲಸಂಧಿಯಲ್ಲಿ ಸಾಗುವ ತೈಲದ ಅರ್ಧವನ್ನೂ ಹೊರಲಾರವು. ಕುವೈತ್‌ಗೆ ಮತ್ತು ಕತಾರ್‌ನ ಅನಿಲಕ್ಕೆ ಇಂಥ ಬೇರೆ ದಾರಿಯೇ ಇಲ್ಲ.

ಇನ್ನೊಂದು ಸಾಧ್ಯತೆ ಇದೆ: ಇರಾನ್ ಜತೆ ದೀರ್ಘ ಯುದ್ಧದಲ್ಲಿ ಅಮೆರಿಕ ಸಿಕ್ಕಿಹಾಕಿಕೊಳ್ಳುವುದು. ಇರಾನ್ ವಿಸ್ತಾರದಲ್ಲಿ ಇರಾಕ್‌ನ ಮೂರೂವರೆ ಪಟ್ಟಿಗೂ ಹೆಚ್ಚು. ಜನಸಂಖ್ಯೆ ಸುಮಾರು 9 ಕೋಟಿ. ಯಾರೂ ಬಯಸದೆಯೂ ಯುದ್ಧ ಹಿಗ್ಗಬಹುದು, ಇತಿಹಾಸದಲ್ಲಿ ಹಾಗೆ ಬೇಕಾದಷ್ಟು ಸಲ ಆಗಿದೆ. ಹೀಗಾದರೆ ಏನಾಗುತ್ತದೆ ಅಂತ ವಿವರಿಸಲು ಹೆಚ್ಚು ಮಾತು ಬೇಕಿಲ್ಲ.

ಇಷ್ಟರಲ್ಲಿ ನಮಗೆ ಒಳ್ಳೆಯದು ಯಾವುದು? ನಾಲ್ಕನೆಯದು ಅಂತ ನಾನು ಹೇಳುತ್ತೇನೆ, ಒಂದು ಷರತ್ತಿನ ಮೇಲೆ. ಅಮೆರಿಕ ಹೇಳಿ, ಸಮಯ ಕೊಟ್ಟು, ಒಪ್ಪಂದದ ಬೆನ್ನಿಗೆ ಹಿಂದೆ ಸರಿಯಬೇಕು. ಅಮೆರಿಕ ಹೋಗಬೇಕಾ ಬೇಡವಾ ಅಂತಲೇ ಎಲ್ಲರೂ ವಾದ ಮಾಡುತ್ತಾರೆ. ಹೋಗುವ ರೀತಿಯ ಬಗ್ಗೆ ಮಾತು ಕಡಿಮೆ. 1971ರ ನವೆಂಬರ್‌ನಲ್ಲಿ ದ್ವೀಪಗಳಿಗಾಗಿ ನಡೆದದ್ದು, 2021ರ ಆಗಸ್ಟ್‌ನಲ್ಲಿ ಅಮೆರಿಕ ಅಫ್ಗಾನಿಸ್ತಾನ ಬಿಟ್ಟು ಹೊರಟಾಗ ಕಾಬೂಲ್‌ನಲ್ಲಿ ಕಂಡದ್ದು, ಎರಡೂ ಹೋದ ರೀತಿಯ ಫಲ.

ಭಾರತ ಏನು ಮಾಡಬಹುದು

ವಾಷಿಂಗ್ಟನ್‌ನ ಒಂದು ತೀರ್ಮಾನ ನಮ್ಮನ್ನು ಎಷ್ಟು ನೇರವಾಗಿ ಮುಟ್ಟುತ್ತದೆ ಅನ್ನುವುದಕ್ಕೆ ಇರಾನ್ ತೈಲವೇ ಸಾಕ್ಷಿ. 2018–19ರವರೆಗೆ ಇರಾನ್ ನಮಗೆ ತೈಲ ಕೊಡುವ ದೊಡ್ಡ ದೇಶಗಳಲ್ಲಿ ಒಂದಾಗಿತ್ತು. 2019ರ ಮೇ ತಿಂಗಳಲ್ಲಿ ಇರಾನ್ ಮೇಲಿನ ನಿರ್ಬಂಧದಿಂದ ನಮಗೆ ಕೊಟ್ಟಿದ್ದ ವಿನಾಯಿತಿಯನ್ನು ಅಮೆರಿಕ ನಿಲ್ಲಿಸಿತು. ನಾವು ಕೊಳ್ಳುವುದನ್ನು ನಿಲ್ಲಿಸಿದೆವು. ಇರಾನ್‌ನ ಚಾಬಹಾರ್ ಬಂದರಿನದೂ ಅದೇ ಪಾಡು. 2024ರ ಮೇನಲ್ಲಿ ಅದನ್ನು ನಡೆಸಲು ಭಾರತ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅದಕ್ಕಿದ್ದ ವಿನಾಯಿತಿ ತೆಗೆಯಿತು. ಮುಂದಿನ ತಿಂಗಳು ಆರು ತಿಂಗಳಿಗೆ ಮತ್ತೆ ಕೊಟ್ಟಿತು. ಹತ್ತು ವರ್ಷದ ಕೆಲಸವನ್ನು ಆರಾರು ತಿಂಗಳ ಪರವಾನಗಿಯ ಮೇಲೆ ಹೇಗೆ ಮಾಡುವುದು? ಪೋರ್ಚುಗೀಸರ ಪರವಾನಗಿ ನೆನಪಾಗುತ್ತದೆ, ಅಲ್ವಾ?

ನಮ್ಮ ಕೈಲಿರುವುದನ್ನೂ ನೋಡೋಣ. ದೇಶದ ತುರ್ತು ತೈಲ ಸಂಗ್ರಹ ಒಟ್ಟು 53 ಲಕ್ಷ ಟನ್ ಹಿಡಿಯುತ್ತದೆ. ಅದರಲ್ಲಿ 25 ಲಕ್ಷ ಟನ್ ಉಡುಪಿ ಜಿಲ್ಲೆಯ ಪಾದೂರಿನಲ್ಲಿ, 15 ಲಕ್ಷ ಟನ್ ಮಂಗಳೂರಿನಲ್ಲಿ, ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ. ಮುಕ್ಕಾಲು ಪಾಲು ನಮ್ಮ ಕರ್ನಾಟಕದ ನೆಲದ ಕೆಳಗೇ ಇದೆ. ಪೂರ್ತಿ ತುಂಬಿದರೂ ದೇಶಕ್ಕೆ ಒಂಬತ್ತು ಹತ್ತು ದಿನಕ್ಕೆ ಸಾಲುವಷ್ಟು. ತೈಲ ಕಂಪನಿಗಳ ಟ್ಯಾಂಕ್‌ಗಳಲ್ಲಿರುವುದು ಬೇರೆ. 2021ರಲ್ಲಿ ಪಾದೂರಿನಲ್ಲಿ ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿದೆ. ಅದು ಬೇಗ ಆಗಬೇಕು. ಅದಕ್ಕಿಂತ ಮುಖ್ಯವಾಗಿ ಅಡುಗೆ ಅನಿಲಕ್ಕೆ, ರಂಜಕದ ಗೊಬ್ಬರಕ್ಕೆ ಇಷ್ಟೇ ಗಂಭೀರವಾಗಿ ದಾಸ್ತಾನು ಮಾಡಬೇಕು. ಪೆಟ್ರೋಲ್ ಒಂದು ವಾರ ಕಡಿಮೆಯಾದರೆ ಓಡಾಟ ಕಡಿಮೆ ಮಾಡಬಹುದು. ಬಿತ್ತನೆಯ ವಾರ ಗೊಬ್ಬರ ಬರದಿದ್ದರೆ ಆ ವಾರ ಮತ್ತೆ ಬರುವುದಿಲ್ಲ.

ಕಾವಲಿನ ಕೆಲಸದಲ್ಲೂ ನಾವು ಪಾಲು ಹೊರಬೇಕು. 2019ರ ಜೂನ್‌ನಿಂದ ನಮ್ಮ ನೌಕಾಪಡೆ 'ಆಪರೇಷನ್ ಸಂಕಲ್ಪ್' ಹೆಸರಿನಲ್ಲಿ ಒಮಾನ್ ಕೊಲ್ಲಿಯ ಕಡೆ ನಮ್ಮ ಹಡಗುಗಳಿಗೆ ಬೆಂಗಾವಲು ಕೊಡತೊಡಗಿತು. ಕೆಂಪು ಸಮುದ್ರದ ಗಲಾಟೆಯ ಹೊತ್ತಿನಲ್ಲಿ ಬೇರೆ ದೇಶದ ಹಡಗುಗಳಿಗೂ ನೆರವಾಯಿತು. ಯಾರ ಕೂಟಕ್ಕೂ ಸೇರದೆ ಮಾಡಿದ ಕೆಲಸ ಅದು. ಇರಾನ್, ಸೌದಿ, ಇಸ್ರೇಲ್ ಮೂವರ ಜತೆಗೂ ಮಾತಾಡಬಲ್ಲ ದೇಶಗಳು ಜಗತ್ತಿನಲ್ಲಿ ಕಡಿಮೆ. ನಾವು ಅದರಲ್ಲಿ ಒಬ್ಬರು. ಆ ಮಾತಿನ ಬಲವನ್ನು ಇನ್ನಷ್ಟು ಬಳಸಬೇಕು ಅನ್ನುವುದು ನನ್ನ ಆಸೆ.

ಮುಂದೆ ಸುದ್ದಿ ಓದುವಾಗ ಏನು ಗಮನಿಸಬೇಕು ಅಂತ ಕೇಳಿದರೆ, ಯುದ್ಧನೌಕೆ ಬಂತು, ಹೋಯಿತು ಅನ್ನುವುದಕ್ಕಿಂತ ಸಣ್ಣ ಸುದ್ದಿಗಳನ್ನು ನೋಡಿ. ಪರಮಾಣು ತಪಾಸಣೆಗಾರರಿಗೆ ಇರಾನ್ ಒಳಗೆ ಎಷ್ಟು ದೂರ ಹೋಗಲು ಬಿಟ್ಟರು? ತೈಲ ಹಡಗುಗಳ ಯುದ್ಧ ವಿಮೆ ಏರಿತಾ, ಇಳಿಯಿತಾ? ರಿಯಾದ್ ಮತ್ತು ಟೆಹರಾನ್‌ನ ಮಂತ್ರಿಗಳು ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದಾರಾ?

ನಾನು ಹೆಚ್ಚು ಆಸೆಯಿಂದ ಹುಡುಕುವುದು ಇನ್ನೊಂದು ಸುದ್ದಿಯನ್ನು. ಸೊಮಾಲಿಯಾದ ಕಡಲುಗಳ್ಳರ ಕಾಟ ಇದ್ದಾಗ, 2012ರಲ್ಲಿ, ಭಾರತ, ಚೀನಾ, ಜಪಾನ್ ನೌಕಾಪಡೆಗಳು ಏಡನ್ ಕೊಲ್ಲಿಯಲ್ಲಿ ಯಾರು ಯಾವ ಹೊತ್ತಿಗೆ ಬೆಂಗಾವಲು ಹೋಗಬೇಕು ಅಂತ ವೇಳಾಪಟ್ಟಿ ಹೊಂದಿಸಿಕೊಂಡಿದ್ದವು. ಗಡಿಯಲ್ಲಿ, ಸಮುದ್ರದಲ್ಲಿ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ದೇಶಗಳು ಇವು. ಆದರೂ ವ್ಯಾಪಾರಿ ಹಡಗುಗಳಿಗಾಗಿ ಒಂದು ಪಟ್ಟಿ ಹಾಕಲು ಅವುಗಳಿಗೆ ಆಯಿತು. ಹೊರ್ಮುಜ್ ತೈಲದ ದೊಡ್ಡ ಗಿರಾಕಿಗಳೂ ಇವರೇ. ಆ ಜಲಸಂಧಿಗೂ ಅಂಥದ್ದೊಂದು ಪಟ್ಟಿ ಮಾಡುವ ಮಾತು ದೆಹಲಿಯಲ್ಲೋ ಟೋಕಿಯೊದಲ್ಲೋ ಬೀಜಿಂಗ್‌ನಲ್ಲೋ ಎದ್ದರೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿದ್ದರೂ ಅದನ್ನು ಪೂರ್ತಿ ಓದಿ.